ಕೇಳುವವರಿಲ್ಲದ ಮೀನು

ಹೊಳೆಗೆ ಹೋಗುವಾಗ ಕಲ್ಮುರ್ಜಾ ಅವರದು ಮಳೆ ಬೀಳುವ ಮುನ್ನ ಹುಲ್ಲು ಒಳಗೆ ಸೇರಿಸಲು ಓಡುವವನ ನಡಿಗೆ. ಬರುವಾಗ ಮಾತ್ರ ಮದುಮಗಳ ನಡಿಗೆ. ಎಳೆಯ ಕಡ್ಡಿಗೆ ಕಿವಿರಿನ ಮೂಲಕ ಪೋಣಿಸಿದ ಟ್ರೌಟ್ ಮೀನುಗಳನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಊರ ನಟ್ಟನಡುವಿನ ಬೀದಿಯಲ್ಲಿ, ಗೇಟಿಗೊಮ್ಮೆ ಕೆಮ್ಮುತ್ತ ಬರುತ್ತಿದ್ದರು. ಬೇಟೆಯಿಂದ ಮರಳುವವನನ್ನು ಕಂಡು ಯಾರಾದರೂ ‘ಶಿರಾಲ್ಗಾ!’ ಎಂದರೆ ಅವರಿಗೆ ಪಾಲು ಸಲ್ಲಬೇಕೆಂಬುದು ನಮ್ಮ ಕಿರ್ಗಿಜರಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ಪದ್ಧತಿ. ಉಳಿದ ಬೇಟೆಗಾರರು ಆ ಮಾತಿಗೆ ಅಂಜಿ ಹಿತ್ತಿಲ ಹಾದಿ ಹಿಡಿದರೆ, ಇವರು ಅದಕ್ಕಾಗಿಯೇ ಕಿವಿ ತೆರೆದುಕೊಂಡು ನಡೆಯುತ್ತಿದ್ದರು.

ಪಕ್ಕದ ಮನೆಯವನಾದ ನಾನು ಎಷ್ಟೋ ಸಲ ಅವರ ಹಿಂದೆ ಹೊಳೆಗೆ ಹೋಗಿದ್ದೇನೆ. ಕಶ್ಕಾ-ಸೂ ಒಂದೇ ನೆಗೆತಕ್ಕೆ ದಾಟಬಹುದಾದ ಹೊಳೆ. ಅದರ ದಂಡೆಯಲ್ಲಿ ನೆರಳು ನೀರಿಗೆ ಬೀಳದಂತೆ ಮೊಣಕಾಲೂರಿ ತೆವಳಿ, ಬಂಡೆಯ ಹಿಂದಿನ ನಿಶ್ಚಲ ನೀರಿಗೆ ಗಾಳಕ್ಕೆ ಕಟ್ಟಿದ ಹುಸಿಮೀನನ್ನೆಸೆದು, ಪ್ರವಾಹಕ್ಕಿಂತ ತುಸುವೇ ವೇಗವಾಗಿ ಎಳೆಯುತ್ತಿದ್ದ ಆ ದೊಡ್ಡ ದೇಹದ ಮನುಷ್ಯನಿಗೆ, ಮನೆಯಲ್ಲಿ ಬಾಗಿಲ ಚಿಲಕ ತೆಗೆಯುವಷ್ಟೂ ತಾಳ್ಮೆ ಇರುತ್ತಿರಲಿಲ್ಲ. ಹುಸಿಮೀನುಗಳೆಲ್ಲ ಚಮಚ ಬಡಿದು ಮಾಡಿದವು. ಹತ್ತಿ ತುಂಬಿದ ಹಳೇ ಕೋಟಿನ ಕಾಲರಿನಲ್ಲಿ ಸಾಲಾಗಿ ಮಿನುಗುತ್ತಿದ್ದವು.

“ಮನೇಲಿರೋ ಚಮಚ ಎಲ್ಲಾ ಹೊಳೆ ಪಾಲು, ಹಿಡಿದ ಮೀನೆಲ್ಲಾ ಊರ ಪಾಲು. ನನ್ನ ಪಾಲಿಗೆ ಈ ಮುದುಕ!” ಎನ್ನುತ್ತಿದ್ದರು ಹೆಂಡತಿ ಸಾಲ್ಕಿನ್.

“ಹಾಗಂತೀಯಾ?” ಎನ್ನುತ್ತಿದ್ದರು ಕಲ್ಮುರ್ಜಾ. ಯಾವ ಜಗಳಕ್ಕೂ ಅವರ ಬಳಿ ಇದ್ದದ್ದು ಅದೊಂದೇ ಉತ್ತರ.

ಸೇಬು ಕೊಯ್ಲಿನ ಹೊತ್ತಿಗೆ ಸಾಲ್ಕಿನ್ ಹಾಸಿಗೆ ಹಿಡಿದರು. ಅನ್ನಾಹಾರ ಬಿಟ್ಟು, ಚಹಾ ಕೂಡ ಗಂಟಲಿಗಿಳಿಯದಾದಾಗ, ಒಂದು ಬೆಳಗ್ಗೆ ತಾವಾಗಿಯೇ, “ಮುದುಕಾ, ಟ್ರೌಟಿನ ಸಾರು ಒಂದ್ ಗುಟುಕು ಕುಡೀಬೇಕು ಅನ್ಸುತ್ತೆ” ಎಂದರು. ಕಲ್ಮುರ್ಜಾ ಗಾಳದ ಕೋಲು ಹಿಡಿದು ಓಡಿದರು. ದಿನವಿಡೀ ಅಲೆದು ಸಿಕ್ಕಿದ್ದು ಒಂದೇ ಮೀನು. ಜೀವನದಲ್ಲಿ ಮೊದಲ ಬಾರಿಗೆ ಅದನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು, ಹಿತ್ತಿಲ ಹಾದಿ ಹಿಡಿದರು. ಆ ಹಾದಿಯಲ್ಲೇ ಕುರಿಗಾಹಿ ಎಸೆನ್ ಎದುರಾದ. ಬೇಸಿಗೆಯುದ್ದಕ್ಕೂ ಬೆಟ್ಟದ ಹುಲ್ಲುಗಾವಲಿನಲ್ಲಿದ್ದು ಅಂದು ತಾನೇ ಕುರಿ ಹೊಡೆದುಕೊಂಡು ಇಳಿದಿದ್ದ ಅವನಿಗೆ ಕಾಯಿಲೆಯ ಸುದ್ದಿಯೇ ತಿಳಿದಿರಲಿಲ್ಲ. ಕೋಟಿನಿಂದ ಹೊರಗಿಣುಕಿದ್ದ ಬಾಲ ಕಂಡವನೇ ನಗುತ್ತ ಕೂಗಿದ: “ಶಿರಾಲ್ಗಾ, ಅಜ್ಜಾ!”

ಕಲ್ಮುರ್ಜಾ ಮೀನನ್ನು ತೆಗೆದು ಕೊಟ್ಟುಬಿಟ್ಟರು.

ಬರಿಗೈಯಲ್ಲಿ ಬಂದವರನ್ನು ನೋಡಿ ನಾನು ಅಂಗಳದಲ್ಲೇ ರೇಗಿದೆ. “ಮನೆಯವಳಿಗೆ ಹುಷಾರಿಲ್ಲ ಅಂತ ಒಂದ್ ಮಾತು ಹೇಳೋಕಾಗ್ಲಿಲ್ವಾ?”

“ಕೇಳಿದ ಮೇಲೆ ಕಾರಣ ಹೇಳೋದಂದ್ರೆ, ಕೊಡಲ್ಲ ಅಂದ ಹಾಗೇ ಅಲ್ವೇನಪ್ಪಾ?” ಎಂದರು.

ಒಳಗೆ ಸಾಲ್ಕಿನ್ ಕೇಳಿದ್ದು ಇಷ್ಟೇ: “ಯಾರು ಸಿಕ್ಕಿದ್ರು?”

“ಎಸೆನ್.”

“ಇಳಿದು ಬಂದ್ನಾ? ಪಾಪ, ಮೊಸರು ಕುಡಿದೂ ಕುಡಿದೂ ನಾಲಗೆ ಕೆಟ್ಟಿರುತ್ತೆ. ತಿನ್ಲಿ ಬಿಡು.” ಹಾಗೆಂದು ಗೋಡೆಯ ಕಡೆ ಹೊರಳಿದರು.

ರಾತ್ರಿ ಬೆಟ್ಟದಲ್ಲಿ ಮಳೆ ಸುರಿದು, ಬೆಳಗಾಗುವಷ್ಟರಲ್ಲಿ ಹೊಳೆ ಹಾಲು ಬೆರೆಸಿದ ಚಹಾದಂತಾಗಿತ್ತು. ಕಲಕಿದ ನೀರಿನಲ್ಲಿ ಟ್ರೌಟಿಗೆ ಹುಸಿಮೀನು ಕಾಣಿಸದು. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರೇ ಎಸೆದರು, ಎಳೆದರು, ಕಾಲರಿನ ಹುಸಿಮೀನುಗಳನ್ನೆಲ್ಲ ಒಂದೊಂದಾಗಿ ಕಲ್ಲಿನ ಸಂದಿಗೆ ಕಳೆದುಕೊಂಡರು. ನೀರು ತಿಳಿಯಾಗುವ ಮುಂಚೆ ಸಾಲ್ಕಿನ್ ಹೋಗಿಬಿಟ್ಟರು. ನನಗೆ ಕಲ್ಮುರ್ಜಾ ಅವರ ಮೇಲೆ ಬಂದ ಕೋಪ ಇಂದಿಗೂ ಪೂರ್ತಿ ಇಳಿದಿಲ್ಲ. ಅವರಂತೆ ಬಾಳಲಾಗಲಿಲ್ಲವೆಂಬ ನಾಚಿಕೆಯೂ ಇಳಿದಿಲ್ಲ.

ಎಸೆನ್ ಸಾವಿನ ಮನೆಯ ಹೊಸಿಲಲ್ಲಿ ಕೂತು ಮಗುವಿನಂತೆ ಅತ್ತ. ಅಂದಿನಿಂದ ಊರಿನ ನಾಲಗೆಗೆ ಬೀಗ ಬಿತ್ತು. ತಾಯಂದಿರು ಮಕ್ಕಳಿಗೂ, “ಆ ಅಜ್ಜನ್ನ ಮಾತ್ರ ಕೇಳ್ಬೇಡ್ರೋ” ಎಂದು ಹೇಳಿಕೊಟ್ಟರು. ವಸಂತದಲ್ಲಿ ಕಲ್ಮುರ್ಜಾ ಹೊಸ ಹುಸಿಮೀನು ಬಡಿದುಕೊಂಡು ಮತ್ತೆ ಹೊಳೆಗಿಳಿದು, ಮೀನಿನ ಕಡ್ಡಿಯನ್ನು ಮೊದಲಿಗಿಂತ ಎತ್ತರಕ್ಕೆ ಹಿಡಿದು, ಮೊದಲಿಗಿಂತ ನಿಧಾನವಾಗಿ ಬೀದಿಯುದ್ದಕ್ಕೂ ಕೆಮ್ಮುತ್ತ ಬಂದರೆ, ಜನ ಸಲಾಮು ಹೇಳಿ ತಲೆ ತಗ್ಗಿಸಿ ಒಳಗೆ ಸರಿಯುತ್ತಿದ್ದರು. ಬಿಸಿಲಿಗೆ ಮೀನು ಸೊರಗುತ್ತಿತ್ತು.

“ನೀವೇ ಯಾರಿಗಾದ್ರೂ ಕೊಟ್ಬಿಡಬಾರ್ದಾ?” ಎಂದೆ.

“ಕೇಳ್ದೆ ಇದ್ದೋರಿಗೆ ಕೊಟ್ರೆ ಅದು ದಾನ ಆಗುತ್ತಪ್ಪಾ. ನಾನೇನು ದೊಡ್ಡ ಮನುಷ್ಯನಾ?”

ತಡೆಯಲಾರದೆ ಒಂದು ಸಂಜೆ ಗೇಟಿನಲ್ಲಿ ನಿಂತು ನಾನೇ ‘ಶಿರಾಲ್ಗಾ’ ಎಂದೆ. ಅವರ ಮುಖ ಅರಳಿತು. ನನ್ನ ಕಣ್ಣು ನೋಡಿದರು; ಅರಳಿದ್ದು ಹಾಗೆಯೇ ಮುದುಡಿತು. ಮೀನನ್ನು ನನ್ನ ಕೈಗಿಟ್ಟು, “ಆಸೆಗೆ ಕೇಳು, ಕೊಡ್ತೀನಿ. ಕನಿಕರಕ್ಕೆ ಕೇಳ್ಬೇಡ” ಎಂದವರು ಆಮೇಲೆ ಹೊಳೆಗೆ ಹೋಗಲಿಲ್ಲ.

ಕೊಡುವುದರಿಂದಲೇ ಜೀವ ಹಿಡಿದುಕೊಂಡಿರುವ ಜನ ಎಲ್ಲ ಊರುಗಳಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಇದ್ದದ್ದನ್ನೆಲ್ಲ ಕೇಳಿ ಪಡೆದರೂ ಅವರಿಗೆ ಏನೂ ಕಡಿಮೆಯಾಗುವುದಿಲ್ಲ. ಅವರನ್ನು ನಿರ್ಗತಿಕರನ್ನಾಗಿಸುವುದು ನಮ್ಮ ಕರುಣೆ.