ಜಡೆ ಹಿಡಿದ ಕೈ

"ಏಯ್ ಮೋಟುಗೈ! ದೊಡ್ಡೋರು ಬರೋ ದಿನಾನೂ ದೆವ್ವದ ಥರ ಕೂದಲು ಕೆದರ್ಕೊಂಡು ಬಂದಿದೀಯಲ್ಲೇ, ಜಡೆ ಹಾಕ್ಕೊಳಕ್ಕೇನು ದಾಡಿ ನಿಂಗೆ?" ಮೇಸ್ತ್ರಿ ಕೂಗಿದ.

"ನೀವು ಒಂದೇ ಕೈಲಿ ಹಾಕಿ ತೋರ್ಸಿ," ಎಂದೆ.

ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ನಮ್ಮದು. ಅಂದರೆ ಯಜಮಾನರದು. ಅದರ ಬಿಸಿ ರೋಲರು ನನ್ನ ಬಲಗೈಯನ್ನು ಮೊಣಕೈವರೆಗೆ ನುಂಗಿದ ಮೇಲೆ ಅವರು ಯಂತ್ರದ ಕೈ ತರಿಸಿದರು. ಅದಕ್ಕೆ ಮೈ ಕೊಯ್ಯಬೇಕಿಲ್ಲ, ಚುಚ್ಚಬೇಕಿಲ್ಲ. ಮೋಟಿಗೆ ತೊಡಿಸಿದರೆ ಚರ್ಮದ ಮೇಲಿಂದಲೇ ಸ್ನಾಯುವಿನ ಮಿಡಿತ ಹಿಡಿದು ಬೆರಳು ಆಡಿಸುತ್ತದೆ. ನಾನು ಬಿಡು ಎನ್ನುವವರೆಗೆ ಉಡದ ಪಟ್ಟು ಅದರದು.

ಹೆಸರಿಗೆ ಮಾತ್ರ ನನ್ನ ಕೈ. ಇರುವುದು ಯಜಮಾನರ ಕಪಾಟಿನಲ್ಲಿ, ಬೀಗದೊಳಗೆ. ಅತಿಥಿಗಳು ಬಂದಾಗ, ಅವರ ದೊಡ್ಡ ಮನಸ್ಸು ತೋರಿಸಲು, ಹೊರಬರುತ್ತದೆ.

ನನಗೆ ಜಡೆ ಹಾಕುತ್ತಿದ್ದವಳು ಅಕ್ಕ. ಅವಳು ಸತ್ತ ಮೇಲೆ ಪಕ್ಕದ ಮನೆಯವಳು ನಾಲ್ಕು ದಿನ ಹಾಕಿದಳು, ಆಮೇಲೆ ಬಾಗಿಲು ತೆಗೆಯಲಿಲ್ಲ. ಖಾಲಿ ಕೋಣೆಯಲ್ಲಿ ಬಾಚಣಿಗೆ ಹಿಡಿದು ಕೂತರೆ ಅಳು ಬರುತ್ತದೆ.

"ಒಂದು ಭಾನುವಾರ ಆ ಕೈನ ಮನೆಗೆ ಒಯ್ತೀನಿ ಯಜಮಾನ್ರೇ, ಜಡೆ ಹಾಕ್ಕೋಬೇಕು," ಎಂದು ಕೇಳಿದ್ದೆ.

"ಶೋಕಿ ನೋಡು ಇವಳ್ದು!" ಎಂದು ನಕ್ಕಿದ್ದರು.

ಅತಿಥಿಗಳು ಬಂದರು. ಕೈ ತೊಡಿಸಿದರು. ಎದುರಿಗೆ ನೀರಿನ ಲೋಟ.

"ಎತ್ತಮ್ಮಾ," ಎಂದರು ಯಜಮಾನರು, ಬೆಣ್ಣೆಯಂಥ ದನಿಯಲ್ಲಿ.

ಎತ್ತಲಿಲ್ಲ. ನೆಲದ ಮೇಲೆ ಕೂತು ಕೂದಲನ್ನು ಮುಂದಕ್ಕೆ ಎಳೆದುಕೊಂಡೆ. ಒಂದೆಳೆ ಆ ಕೈಗೆ, ಎರಡೆಳೆ ಈ ಕೈಗೆ. ಜಾರಿತು. ಮತ್ತೆ ಹಿಡಿದೆ. ಚಪ್ಪಾಳೆಗೆ ಸಿದ್ಧವಾದ ಅತಿಥಿಗಳ ಕೈಗಳು ಅಲ್ಲೇ ನಿಂತವು. ಜಡೆ ಸೊಟ್ಟಗಾಯಿತು, ಆದರೆ ಮುಗಿಯಿತು.

"ಕೊಬ್ಬು ನೋಡು ಮುಂಡೇದಕ್ಕೆ!" ಮೇಸ್ತ್ರಿ ನುಗ್ಗಿ ಬಂದ. ನಾನು ಜಡೆಯ ಮೇಲೆ ಯಂತ್ರದ ಮುಷ್ಟಿ ಬಿಗಿದೆ. ಅವನು ಸಿಟ್ಟಿನಲ್ಲಿ ಕೈಯನ್ನು ಮೋಟಿನಿಂದ ಕಳಚಿಯೇಬಿಟ್ಟ. ಮುಷ್ಟಿ ಬಿಡಲಿಲ್ಲ. ಬೆರಳು ಬಿಡಿಸಲು ಒದ್ದಾಡಿದ, ಆಗಲಿಲ್ಲ.

"ಮತ್ತೆ ತೊಡ್ಸಿ ಬಿಡಿಸ್ರೋ ಅದನ್ನ!" ಯಜಮಾನರ ಬೆಣ್ಣೆ ಕರಗಿತ್ತು.

"ತೊಡ್ಸಿ. ಬಿಡೋದು ನನ್ನ ಮರ್ಜಿ."

"ಕತ್ತರಿ ತಗೊಂಬಾ!"

ಮೇಸ್ತ್ರಿ ಕತ್ತರಿ ತಂದ. ಅಷ್ಟರಲ್ಲಿ ಅತಿಥಿಯೊಬ್ಬಳು ಮೊಬೈಲು ಎತ್ತಿ ಹಿಡಿದಳು. ಯಜಮಾನರು ಕತ್ತರಿ ಮರೆಮಾಡುವಂತೆ ಕಣ್ಸನ್ನೆ ಮಾಡಿದರು.

ಎದ್ದು, ಜಡೆಯನ್ನು ಬೆನ್ನ ಮೇಲೆ ಹಾಕಿಕೊಂಡು ಗೇಟಿನ ಕಡೆ ನಡೆದೆ. ಜಡೆಗೆ ಜೋತ ಆ ಕೈ ಹೆಜ್ಜೆಹೆಜ್ಜೆಗೂ ಬೆನ್ನು ತಟ್ಟುತ್ತಿತ್ತು. ಅಕ್ಕ ಹೋದಾಗಿನಿಂದ ನನ್ನ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ.