ಬಾಲದ ಸಾಲು

ದ್ವೀಪದ ಅಂಕಿ ಬರಲಿಲ್ಲವೆಂಬುದು ಮೊದಲಿಗೆ ನಕ್ಷೆಯಕ್ಕನಿಗೆ ಒಂದು ಸಂಗತಿ ಅಂತಲೇ ಅನ್ನಿಸಲಿಲ್ಲ.

ಹವಾಮಾನ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಗಾಳಿಯ ನಕ್ಷೆ ಬರೆಯುತ್ತಿದ್ದವಳು ಅವಳು. ಹೆತ್ತವರು ಇಟ್ಟ ಹೆಸರು ರಜೆ ಅರ್ಜಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಮೂರು ಗಂಟೆಗೊಮ್ಮೆ ಕಡಲಂಚಿನ ಕೇಂದ್ರಗಳಿಂದ ವಾಯುಭಾರ, ಗಾಳಿ, ಅಲೆಯ ಎತ್ತರದ ಅಂಕಿಗಳು ಬರುತ್ತವೆ. ಅವನ್ನು ನಕ್ಷೆಯ ಮೇಲಿಟ್ಟು ಗೆರೆ ಎಳೆಯುವುದು ಅವಳ ಕೆಲಸ. ಅವುಗಳಲ್ಲೆಲ್ಲ ದ್ವೀಪದ ಅಂಕಿಯೇ ಯಜಮಾನ. ಬಿರುಗಾಳಿ ಬರುವುದಿದ್ದರೆ ಆ ಬಾಗಿಲಿಂದಲೇ ಬರಬೇಕು.

ದ್ವೀಪ ನಮ್ಮದಲ್ಲ, ಕಡಲಾಚೆಯ ದೇಶದ್ದು. ಆ ದೇಶವೂ ದೊಡ್ಡದು, ನಮ್ಮದೂ ದೊಡ್ಡದೇ. ಎಪ್ಪತ್ತು ವರ್ಷದ ಮೈತ್ರಿ. ಒಬ್ಬರ ಬೆನ್ನು ಇನ್ನೊಬ್ಬರು ಕಾಯುವುದು, ಜೊತೆಗೆ ಗಾಳಿಯ ಸುದ್ದಿಯನ್ನೂ ಹಂಚಿಕೊಳ್ಳುವುದು ಅಂತ ಒಪ್ಪಂದ. ಇತ್ತೀಚೆಗೆ ದೊಡ್ಡವರ ನಡುವೆ ಮುಖ ಊದಿಸಿಕೊಳ್ಳುವ ಕಾರ್ಯಕ್ರಮ ನಡೆದಿತ್ತು. ನಡೆಯಲಿ ಬಿಡು, ಗಂಡ ಹೆಂಡಿರಲ್ಲೂ ನಡೆಯುತ್ತದೆ ಅಂದುಕೊಂಡಿದ್ದಳು ಇವಳು.

ದ್ವೀಪದಲ್ಲಿ ಅಂಕಿ ಕಳಿಸುವವನನ್ನು ಅವಳು ಕಣ್ಣಿನಿಂದ ಕಂಡವಳಲ್ಲ. ಆದರೆ ಅವನು ಅಂಕಿಗಳ ಕೆಳಗೆ ಯಾವಾಗಲೂ ಒಂದು ಸಾಲು ಹೆಚ್ಚಿಗೆ ಬರೆಯುತ್ತಿದ್ದ. "ಊಟ ಆಯ್ತಾ ತಂಗಿ?" "ಮೊಣಕಾಲು ನೋವು, ನಾಳೆ ಮಳೆ." ಕಚೇರಿಯಲ್ಲಿ ಅದಕ್ಕೆ ಬಾಲದ ಸಾಲು ಅಂತ ಹೆಸರು. ಕಡತಕ್ಕೆ ಸೇರಿಸುವಾಗ ಅದನ್ನು ಹರಿದು ಕಸದ ಬುಟ್ಟಿಗೆ ಹಾಕುವುದು ಪದ್ಧತಿ. ಒಮ್ಮೆ ಇವಳು ಒಣಹಾಕಿದ್ದ ಹೊದಿಕೆ ಗಾಳಿಗೆ ಹಾರಿ ಮೂರು ಬೀದಿ ಆಚೆ ಯಾರದೋ ಮಾವಿನ ಮರದಲ್ಲಿ ಸಿಕ್ಕಿದ ಕಥೆಯನ್ನು ಬರೆದು ಕಳಿಸಿದ್ದಳು. ಅಂದಿನಿಂದ ದೊಡ್ಡ ಗಾಳಿಯ ವಾಸನೆ ಬಂದರೆ ದ್ವೀಪದಣ್ಣ ತಪ್ಪದೆ ಬರೆಯುತ್ತಿದ್ದ: "ತಂಗಿ, ಬಟ್ಟೆ ಒಳಗೆ ತಗೋ." ಯಂತ್ರಕ್ಕಿಂತ ಮೊದಲೇ ಅವನ ಮೂಗಿಗೆ ಗೊತ್ತಾಗುತ್ತಿತ್ತು.

ಅಂದು ಅವಳ ಪಾಳಿ ಮಧ್ಯಾಹ್ನ ಹನ್ನೆರಡಕ್ಕೆ. ಕೂತು ನೋಡಿದರೆ ಎಲ್ಲ ಕೇಂದ್ರಗಳ ಅಂಕಿಯೂ ಇದೆ, ದ್ವೀಪದ್ದು ಮಾತ್ರ ಇಲ್ಲ. ಲೈನು ಕೆಟ್ಟಿರಬೇಕು. ವರ್ಷಕ್ಕೆ ನಾಲ್ಕು ಸಲವಾದರೂ ಕೆಡುತ್ತದೆ. ಹಾಗಾದಾಗ ಹಿಂದಿನ ಅಂಕಿಯನ್ನೇ ಪೆನ್ಸಿಲಿನಲ್ಲಿ ಬರೆದು ಮುಂದುವರಿಯುತ್ತಾರೆ. ಬಂದ ಅಂಕಿ ಶಾಯಿಯಲ್ಲಿ, ಅಂದಾಜು ಪೆನ್ಸಿಲಿನಲ್ಲಿ. ಅಂದಾಜಿನ ಮೇಲೆ ಅಂದಾಜು ಮಾತ್ರ ಸುತರಾಂ ಕೂಡದು. ಹೊಸಬರಿಗೆ ಮೊದಲ ದಿನವೇ ಇದನ್ನು ಕಲಿಸುತ್ತಿದ್ದವಳು ಅವಳೇ. ಒಂಬತ್ತು ಗಂಟೆಯ ನಕ್ಷೆ ತೆಗೆದಳು. ದ್ವೀಪದ ಅಂಕಿ ಶಾಯಿಯಲ್ಲಿ ಮುದ್ದಾಗಿ ಕೂತಿತ್ತು. ಅದನ್ನೇ ಪೆನ್ಸಿಲಿನಲ್ಲಿ ಇಳಿಸಿಕೊಂಡಳು. ಕಡಲು ಹಾಲಿನ ಬಟ್ಟಲಿನ ಹಾಗೆ ಶಾಂತ.

ಅಷ್ಟರಲ್ಲಿ ತಮ್ಮನ ಫೋನು. ಒಬ್ಬನೇ ದೋಣಿ ನಡೆಸುವ ಮೀನುಗಾರ. ಅಕ್ಕನ ಬಾಯಿಂದ ಕೇಳದೆ ಹಗ್ಗ ಬಿಚ್ಚಿದವನಲ್ಲ.

"ಅಂಕಿ ನೋಡಿದ್ಯಾ ಅಕ್ಕಾ? ಹೊರಡ್ಲಾ?"

"ನೋಡ್ದೆ, ಹೊರಡು. ಕತ್ತಲಾಗೋದ್ರೊಳಗೆ ಬಂದ್ಬಿಡು."

ಒಂದೂವರೆಗೆ ಸಾಹೇಬರ ಕೋಣೆಯಲ್ಲಿ ಟಿವಿಯ ಸದ್ದು ಜೋರಾಯಿತು. ಎಲ್ಲರೂ ಬಾಗಿಲಲ್ಲಿ ಗುಂಪುಗೂಡಿದರು. ಕಡಲಾಚೆಯ ದೇಶ ಮೈತ್ರಿ ಮುರಿದುಕೊಂಡು, ನಮ್ಮ ಹಳೇ ವೈರಿಯ ಜೊತೆ ಕೈ ಜೋಡಿಸಿತ್ತು. ಟಿವಿಯಲ್ಲಿ ಇಬ್ಬರು ನಾಯಕರು ಒಬ್ಬರನ್ನೊಬ್ಬರು ತಬ್ಬಿ ನಗುತ್ತಿದ್ದರು. ಎಪ್ಪತ್ತು ವರ್ಷದ ಸಂಸಾರ, ಒಂದು ಸಹಿಯಲ್ಲಿ ಮುಗಿಯಿತು!

"ಇವತ್ತು ಬೆಳಿಗ್ಗೆ ಆರೂಕಾಲಿಂದಲೇ ಎಲ್ಲ ಬಂದ್ ಅಂತೆ," ಸಾಹೇಬರು ತಮಗೇ ನಂಬಿಕೆಯಿಲ್ಲದವರಂತೆ ಓದಿದರು. "ಸೈನ್ಯ, ವ್ಯಾಪಾರ, ಮಾಹಿತಿ ವಿನಿಮಯ... ಎಲ್ಲ."

ಆರೂಕಾಲು. ಹಾಗಾದರೆ ಒಂಬತ್ತು ಗಂಟೆಯ ಅಂಕಿ ಎಲ್ಲಿಂದ ಬಂತು?

ಪಾಳಿ ಮುಗಿಸಿ, ಊಟ ಮಾಡಿ ಹೊರಟಿದ್ದ ಬೆಳಗಿನ ಪಾಳಿಯವನು ಟಿವಿಯ ಸದ್ದಿಗೆ ಚೀಲ ಹೆಗಲಿಗೇರಿಸಿಕೊಂಡೇ ಬಾಗಿಲಲ್ಲಿ ನಿಂತಿದ್ದ. ಅವನ ತೋಳು ಹಿಡಿದೆಳೆದು ಕೇಳಿದಳು.

"ಅದು ಆರು ಗಂಟೇದೇ ಅಕ್ಕಾ," ಅಂದ ಅವನು. "ಪೆನ್ಸಿಲಲ್ಲೇ ಹಾಕಿದ್ದೆ. ಆಮೇಲೆ ತಪಾಸಣೆಗೆ ಬರ್ತಾರೆ ಅಂದ್ರು. ನಕ್ಷೆ ಚೊಕ್ಕ ಕಾಣಲಿ ಅಂತ ಮೇಲೆ ಶಾಯಿ ತಿದ್ದಿದೆ."

ಅಂದಾಜಿನ ಮೇಲೆ ಅಂದಾಜು. ಅವಳು ತಮ್ಮನಿಗೆ ತೋರಿಸಿದ ಕಡಲು ಆರು ಗಂಟೆಯಷ್ಟು ಹಳಸಲು. ಗೋಡೆಯ ವಾಯುಭಾರ ಮಾಪಕ ನೋಡಿದಳು. ಮುಳ್ಳು ಅವಳ ಕಣ್ಣೆದುರೇ ಕೆಳಗಿಳಿಯುತ್ತಿತ್ತು.

"ಬಾಲ ಎಲ್ಲಿ? ಆರು ಗಂಟೆ ಬಾಲ ಎಲ್ಲೋ?"

ಎಂದಿನಂತೆ ಓದದೆಯೇ ಹರಿದೆಸೆದಿದ್ದ ಅವನು ಬುಟ್ಟಿಯ ಕಡೆ ಕೈ ತೋರಿಸಿದ. ಇಪ್ಪತ್ತಾರು ವರ್ಷದ ಸೇವೆಯ ಹಿರಿಯಳು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಕಸದ ಬುಟ್ಟಿ ಬುಡಮೇಲು ಮಾಡಿದಳು. ಬಾಳೆಹಣ್ಣಿನ ಸಿಪ್ಪೆಗೆ ಅಂಟಿಕೊಂಡು ಆ ಚೀಟಿ ಸಿಕ್ಕಿತು.

"ತಂಗಿ, ಸಂಜೆಗೆ ಬಟ್ಟೆ ಒಳಗೆ ತಗೋ. ಇನ್ನು ಅಂಕಿ ಕಳಿಸಬಾರದಂತೆ. ಮರೀಬೇಡ, ಬಟ್ಟೆ."

ತಮ್ಮನ ಫೋನು ಹತ್ತಲಿಲ್ಲ. ಆಗಲೇ ದಡದ ಸಿಗ್ನಲ್ ದಾಟಿದ್ದ. ಅವಳು ಸಾಹೇಬರ ಮೇಜಿಗೆ ಎರಡೂ ಕೈ ಊರಿದಳು.

"ಕಾವಲು ಹಡಗು ಕಳಿಸಿ ಸಾರ್. ದ್ವೀಪದ ಕಡೆಗೇ ಹೋಗಿದ್ದಾನೆ ಅವನು, ಮೀನು ಇರೋದು ಅಲ್ಲೇ."

"ನಡುಗಡಲಿನ ಗೆರೆ ದಾಟಬಾರದು ಅಂತ ಹಡಗಿನವರಿಗೆ ಆದೇಶ ಬಂದಿದೆಯಮ್ಮ."

"ಯಾವ ಗೆರೆ ಸಾರ್? ನಿನ್ನೆ ಎಲ್ಲಿತ್ತು ಆ ಗೆರೆ?"

ಪಾಪ, ಸಾಹೇಬರಿಗೂ ಗೊತ್ತಿರಲಿಲ್ಲ. ಬಂದರಿಗೆ ಎಚ್ಚರಿಕೆ ಕೊಟ್ಟರು, ಹೊರಡಲಿದ್ದ ದೋಣಿಗಳೆಲ್ಲ ನಿಂತವು. ನಾಲ್ಕು ಗಂಟೆಗೆ ಗಾಳಿ ಬಂತು. ಕಚೇರಿಯ ಕಿಟಕಿಯ ಗಾಜು ಎರಡು ಒಡೆದವು. ಮನೆಯ ತಂತಿಯ ಮೇಲಿದ್ದ ಬಟ್ಟೆಗಳಲ್ಲಿ ಒಂದೂ ಉಳಿಯಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ತನ್ನ ಕೈಯಲ್ಲೇ ಬೆಳೆದದ್ದು ಅಂತ ಅವಳಿಗೆ ಮತ್ತೆ ಮತ್ತೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಅಕ್ಕಾ. ಬದುಕಿದ್ದೀನಿ."

"ಎಲ್ಲಿದ್ದೀಯೋ?"

"ದ್ವೀಪದಲ್ಲಿ. ಗಾಳಿ ಬಂದಾಗೆಲ್ಲ ಇಲ್ಲಿಗೇ ಅಲ್ವಾ ಓಡಿ ಬರ್ತಿದ್ದದ್ದು? ಹಾಗೇ ಬಂದೆ. ದಡಕ್ಕೆ ಕಾಲಿಟ್ಟ ಕೂಡ್ಲೇ ಹಿಡಿದು ಒಳಗೆ ಹಾಕಿದ್ರು. ಗಡಿ ದಾಟ್ದೆ ಅಂತೆ. ದೋಣೀನೂ ಕಿತ್ಕೊಂಡ್ರು."

"ಯಾವಾಗ ಬಿಡ್ತಾರಂತೆ?"

"ಅವರಿಗೇ ಗೊತ್ತಿಲ್ಲ ಅಕ್ಕಾ. ಮೊನ್ನೆ ಚಹಾ ಕೊಟ್ಟ ಪೊಲೀಸಿನವನೇ ಇವತ್ತು ಬೀಗ ಹಾಕ್ದ, ಮುಖ ನೋಡ್ಲಿಲ್ಲ."

"ಮತ್ತೆ ಫೋನು ಯಾರದ್ದು?"

"ಯಾರೋ ವಯಸ್ಸಾದವರು, ಕುಂಟುತ್ತಾ ಬಂದ್ರು. ನಿನ್ನ ತಮ್ಮ ಅಂತ ಗೊತ್ತಾಗಿ ಕದ್ದು ಕೊಟ್ಟಿದ್ದಾರೆ. ನಿಂಗೇನೋ ಕೇಳ್ಬೇಕಂತೆ, ನಂಗೆ ತಲೆಬುಡ ಅರ್ಥ ಆಗ್ಲಿಲ್ಲ. ಬಟ್ಟೆ ಒಳಗೆ ತಗೋ ಅಂತ ಬರೆದಿದ್ನಲ್ಲ, ಯಾಕೆ ತಗೊಳ್ಳಲಿಲ್ಲ ಅಂತ ಕೇಳ್ತಿದ್ದಾರೆ."

"ಚೀಟಿ ನೋಡ್ಲಿಲ್ಲ ಅಂತ ಹೇಳು," ಅಂದಳು. "ನಿನ್ನ ಕಳಿಸಿದ ಮೇಲೆ ನೋಡ್ದೆ ಅಂತ ಹೇಳು."

"ಅಂಕಿ ನೋಡ್ದೆ ಅಂದಿದ್ಯಲ್ಲ ಅಕ್ಕಾ?"

"ಇಲ್ಲ ಕಣೋ, ದ್ವೀಪದ ಅಂಕಿ ಬಂದೇ ಇರ್ಲಿಲ್ಲ," ಅಂದಳು ನಕ್ಷೆಯಕ್ಕ. ಅಷ್ಟರಲ್ಲಿ ಫೋನು ಕಡಿದಿತ್ತು. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.