ಪೆಟ್ಟಾಗದ ಒಂದು ವರ್ಷ

ಶಹಾಬಾದ್ ರಸ್ತೆಯ ಆ ನೆಲಕ್ಕೆ ಹಾಸುವ ಪರಸಿಕಲ್ಲಿನ ಕಾರ್ಖಾನೆಯಲ್ಲಿ ದಿನದ ಮೊದಲ ಕೆಲಸ ಮ್ಯಾನೇಜರ್ ನರಸಿಂಹನದೇ. ಗೇಟಿನ ಹತ್ತಿರದ ಹಲಗೆಯ ಮೇಲೆ ನಿನ್ನೆಯ ಅಂಕಿ ಅಳಿಸಿ, ಒಂದು ಕೂಡಿಸಿ ಬರೆಯುತ್ತಿದ್ದ. ಅಪಘಾತವಿಲ್ಲದೆ ಕಳೆದ ದಿನಗಳ ಸಂಖ್ಯೆ ಅದು. ವರ್ಷ ತುಂಬಿದರೆ ಅರವತ್ತು ಕಾರ್ಮಿಕರ ಮನೆಮಂದಿಗೆಲ್ಲ ಹೋಳಿಗೆ ಊಟ. ಒಬ್ಬರಿಗೆ ಪೆಟ್ಟಾದರೂ ಮತ್ತೆ ಸೊನ್ನೆಯಿಂದ ಶುರು. ಜನ ಜೋಪಾನವಾಗಿರಲಿ ಎಂದೇ ಅವನು ಈ ಪದ್ಧತಿ ತಂದದ್ದು, ಅದರಲ್ಲಿ ಎರಡು ಮಾತಿಲ್ಲ.

ಮುನ್ನೂರ ಅರವತ್ತೊಂದನೆಯ ದಿನ, ಕಲ್ಲು ಹೊರುವ ದೇವೀಂದ್ರಪ್ಪನ ಬಲಗೈಗೆ ಬಟ್ಟೆ ಸುತ್ತಿತ್ತು.

“ಕೈಗೇನಾಗ್ಯದ?”

“ಏನಿಲ್ರಿ ಸರ್. ಮನ್ಯಾಗ ಕಟ್ಟಗಿ ಒಡೆಯಾಗ ತಾಗ್ಯದ.”

ಸುತ್ತಿದ್ದು ಕಾರ್ಖಾನೆಯ ಮಷೀನು ಒರೆಸುವ ಬಟ್ಟೆ. ನರಸಿಂಹನಿಗೆ ಅದು ಕಂಡಿತು. ಇನ್ನು ನಾಲ್ಕೇ ದಿನ ಉಳಿದಿದ್ದವು. “ಅರಿಶಿಣ ಹಚ್ರಿ” ಎಂದು ಮುಂದೆ ನಡೆದ.

ವರ್ಷ ತುಂಬಿತು, ಹೋಳಿಗೆ ಊಟವಾಯಿತು. ಮೇಲಿನವರು ಬಂದು ನರಸಿಂಹನಿಗೆ ಶಾಲು ಹೊದಿಸಿದರು. ದೇವೀಂದ್ರಪ್ಪ ಬಂದಿರಲಿಲ್ಲ, ಜ್ವರವಂತೆ. ಗಾಯ ನಂಜೇರಿ, ವಾರದೊಳಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಅವನ ಕೈಯನ್ನು ಮಣಿಕಟ್ಟಿನವರೆಗೆ ತೆಗೆದರು.

ನರಸಿಂಹ ನೋಡಲು ಹೋದಾಗ ಹೆಂಡತಿ ಅಂಬುಬಾಯಿ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು.

“ಕಲ್ಲು ಜಾರಿ ಕೈಮ್ಯಾಲ ಬಿತ್ರಿ” ಎಂದ ದೇವೀಂದ್ರಪ್ಪ. “ನನ್ನ ಸಲುವಾಗಿ ಅಷ್ಟೂ ಮಂದಿ ಊಟ ಕೆಡ್ತದಂತ ಸುಮ್ಮನಾದೆ.”

“ಮನ್ಯಾಗ ಆಗಿದ್ದು, ನಮಗ ಸಂಬಂಧ ಇಲ್ಲ ಅಂತ ಆಫೀಸ್‌ನವ್ರು ಅಂದ್ರು” ಎಂದಳು ಅಂಬುಬಾಯಿ. “ನಿಮ್ಮ ತಪ್ಪೇನದರಿ? ನೀವು ಕೇಳಿದ್ರಂತ, ಇವ್ರೇ ಸುಳ್ಳ ಹೇಳ್ಯಾರ.”

ಅವಳು ಬೈದಿದ್ದರೆ ನರಸಿಂಹ ತಡೆದುಕೊಳ್ಳುತ್ತಿದ್ದ.

“ಸುಳ್ಳಂತ ನನಗ ಗೊತ್ತಿತ್ತು, ಅವ್ವ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಗಂಡನ ಬಾಯಿ ಒರೆಸಿದಳು.

ಮರುದಿನ ಬೆಳಿಗ್ಗೆ ನರಸಿಂಹ ಕಾರ್ಖಾನೆಯಲ್ಲಿ ಎಲ್ಲರನ್ನೂ ಸೇರಿಸಿ ಅದೇ ಮಾತನ್ನು ಹೇಳಿದ. ಕೈಯಲ್ಲಿ ಅಪಘಾತದ ವರದಿಯಿತ್ತು. ಮೇಸ್ತ್ರಿ ಭಾಗಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ: “ವಿಚಾರ ಮಾಡ್ರಿ ಸರ್. ಇದನ್ನ ಕಳಿಸಿದ್ರ ನಿಮ್ಮ ನೌಕರಿ ಉಳಿಯೂದಿಲ್ಲ. ನೀವು ಹೋದ್ರ ನಾಳೆ ಬರಾವ ಹ್ಯಾಂಗಿರ್ತಾನೋ.”

“ಖರೇ ಅದ. ಆದ್ರ ಅವನ ಕೈ ಹೋಗಿದ್ದು ಇಲ್ಲೇ, ಭಾಗಣ್ಣ. ಅದನ್ನರೆ ಬರೀಬೇಕಲ್ಲ.” ನರಸಿಂಹ ಸಹಿ ಹಾಕಿದ. “ಈ ವರ್ಷ ಮತ್ಯಾರಿಗೆ ಪೆಟ್ಟಾಗ್ಯದ? ಬೈಯಂಗಿಲ್ಲ, ತೋರಸ್ರಿ.”

ಕಲ್ಲು ತೊಳೆಯುವ ತಾಜುನ್ನಿಸಾ ಕೊನೆಗೆ ಚಪ್ಪಲಿ ಕಳಚಿ ಪಾದ ಮುಂದಿಟ್ಟಳು. ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಅವಳ ಹಿಂದೆ ಒಬ್ಬ ಅಂಗಿಯ ತೋಳು ಮಡಚಿದ. ಇನ್ನೊಬ್ಬ ಕೈಗವಸು ತೆಗೆದ, ಅವನ ಪಕ್ಕದವನೂ ತೆಗೆದ. ನರಸಿಂಹ ಒಬ್ಬೊಬ್ಬರ ಹೆಸರನ್ನೇ ಬರೆಯುತ್ತಾ ಹೋದ. ಕಣ್ಣು ತುಂಬಿ ಅಕ್ಷರ ಕಾಣದಾದಾಗ ಭಾಗಣ್ಣ ಕಾಗದ ಇಸಿದುಕೊಂಡು ತಾನೇ ಬರೆಯತೊಡಗಿದ.